ತಿರುವಿನಲ್ಲಿ ನಿಲ್ಲುವ ಕಾರು

ನಮ್ಮ ಭಾವನನ್ನು ಬೈಯಲು ಕೂತರೆ ನನಗೆ ಮಾತಿಗೆ ಬರವಿಲ್ಲ. ಇಪ್ಪತ್ತೆರಡು ವರ್ಷದ ದಾಸ್ತಾನಿದೆ. ಆದರೆ ಮೂರನೆಯ ಮಾತಿಗೆ ಬರುವಷ್ಟರಲ್ಲಿ ಆ ಮನುಷ್ಯನ ಮುಖ ಕಣ್ಣೆದುರು ಬಂದು ನಿಲ್ಲುತ್ತದೆ, ನಾನು ಗಪ್‌ಚಿಪ್. ಎದುರಿಗೆ ಆಡಲಾಗದ್ದನ್ನು ಬರೆದಾದರೂ ತೀರಿಸಿಕೊಳ್ಳೋಣ ಎಂದು ಕೂತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಸುಬು ಲಿಫ್ಟ್ ರಿಪೇರಿ. ಪೇಟೆಯ ನಡುವೆ ಹನ್ನೊಂದು ಮಹಡಿಯ ಒಂದು ಕಚೇರಿ ಕಟ್ಟಡವಿದೆ. ಅದರ ನಾಲ್ಕು ಲಿಫ್ಟುಗಳನ್ನು ನೋಡಿಕೊಳ್ಳುವವರು ಅವರು. ಅಳತೆಯ ಮಾತು, ಅಳತೆಯ ನಗು, ಜೇಬಿನಲ್ಲಿ ಸದಾ ಒಂದು ಟೆಸ್ಟರ್. ಅಕ್ಕ ಮುಂಗೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಮಕ್ಕಳಿಲ್ಲ. ನಾನಿರುವುದು ಎರಡು ಬೀದಿಯಾಚೆ, ಆದ್ದರಿಂದ ಆ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ, ಮುನಿಸು ಎಲ್ಲಿದೆ ಎಂಬುದೆಲ್ಲ ನನಗೆ ಗೊತ್ತು.

ಎಲ್ಲ ಶುರುವಾದದ್ದು ನನ್ನ ಮದುವೆಯ ದಿನ. ಮದುವೆ ನಡೆದದ್ದು ಬಸ್ಸಿನಲ್ಲಿ ಎರಡು ಗಂಟೆ ದೂರದ ನಮ್ಮ ತವರಿನಲ್ಲಿ. ಭಾವ ಬಂದಿದ್ದರು. ಕುರ್ಚಿ ಜೋಡಿಸಿದರು, ಕೈಕೊಟ್ಟ ದೀಪದ ವೈರು ಸರಿಮಾಡಿದರು, ನನ್ನ ಗಂಡನ ಕಿವಿಯಲ್ಲಿ ಏನೋ ಹೇಳಿ ಅವರ ಮುಖ ಬಿಳುಚುವಂತೆ ಮಾಡಿದರು. ಅದೇ ಹೊತ್ತಿಗೆ ಇಲ್ಲಿ ಎರಡನೆಯ ಲಿಫ್ಟು ಏಳನೇ ಮತ್ತು ಎಂಟನೇ ಮಹಡಿಯ ನಡುವೆ ನಿಂತುಬಿಟ್ಟಿತು. ಒಳಗಿದ್ದವನು ಫೈಲು ಹೊರುವ ಜವಾನ. ದೀಪವೂ ಆರಿತ್ತು. ಭಾವನನ್ನು ಹುಡುಕಿಸಿ, ಅವರು ಬಸ್ಸು ಹಿಡಿದು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಐದು ತಾಸು ಕಳೆದಿತ್ತು.

ಜವಾನನಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವನು ಲಿಫ್ಟಿಗೆ ಕಾಲಿಡಲಿಲ್ಲ. ನಿವೃತ್ತನಾಗುವವರೆಗೆ ಒಂಬತ್ತು ವರ್ಷ ಫೈಲು ಹೊತ್ತುಕೊಂಡು ಮೆಟ್ಟಿಲನ್ನೇ ಹತ್ತಿ ಇಳಿದ. ದಾರಿಯಲ್ಲಿ ಭಾವ ಎದುರಾದರೆ ಫೈಲನ್ನು ಕಂಕುಳಿಗೆ ಸೇರಿಸಿ, ಏದುಸಿರು ಬಿಡುತ್ತಲೇ ನಕ್ಕು ನಮಸ್ಕಾರ ಹೇಳುತ್ತಿದ್ದ. ಅವನು ನಾಲ್ಕು ಮಾತು ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರು.

ಕಟ್ಟಡದ ಯಜಮಾನ ಮಾತ್ರ ಎಲ್ಲರೆದುರು ಕೂಗಾಡಿದ. ಇನ್ನು ಮೇಲೆ ಕರೆ ಬಂದ ಹದಿನೈದು ನಿಮಿಷಕ್ಕೆ ಲಿಫ್ಟಿನ ಮುಂದೆ ನಿಂತಿರಬೇಕು, ಹಬ್ಬವಾಗಲಿ ರಜೆಯಾಗಲಿ ಎಂದ. ಭಾವ ತಲೆಯಾಡಿಸಿ ಮನೆಗೆ ಬಂದರು. ಮರುದಿನದಿಂದ ಗಡಿಯಾರ ಹಿಡಿದು, ಮನೆ ಎಷ್ಟು ನಿಮಿಷ, ತರಕಾರಿ ಅಂಗಡಿ ಎಷ್ಟು, ಸಿನಿಮಾ ಟಾಕೀಸು ಎಷ್ಟು ಎಂದು ಓಡಾಡಿ ನೋಡಿದರು. ಹದಿನೈದರೊಳಗೆ ಬಂದದ್ದು ಅವರ ಲೋಕ, ಮಿಕ್ಕದ್ದು ಪರಲೋಕ. ಹಲ್ಲಿನ ಡಾಕ್ಟರು ಹೊಸ ಬಡಾವಣೆಗೆ ಹೋದಾಗ ಇವರು ಡಾಕ್ಟರನ್ನೇ ಬದಲಾಯಿಸಿದರು. ಹೊಸಬ ಒಳ್ಳೆಯ ಹಲ್ಲೊಂದನ್ನು ಕಿತ್ತ, ಅದಕ್ಕೂ ಇವರದು ತಕರಾರಿಲ್ಲ.

ಅಕ್ಕನ ಅಡುಗೆಮನೆ ಕಿಟಕಿಯಿಂದ ಒಂದು ಗುಡ್ಡ ಕಾಣುತ್ತದೆ. ಏಳು ತಿರುವು, ತುದಿಯಲ್ಲಿ ಕಲ್ಲುಬೆಂಚು, ಕಬ್ಬಿಣದ ಕಟಾಂಜನ; ಊರಿನವರೆಲ್ಲ ಒಂದಲ್ಲ ಒಂದು ದಿನ ಹೋಗಿ ಬಂದಿರುವ ಜಾಗ. ಮದುವೆಯಾದ ಹೊಸತರಲ್ಲಿ “ಇಬ್ರೂ ಒಂದ್ಸಲ ಹೋಗೋಣ” ಎಂದು ಅಕ್ಕ ಕೇಳಿದ್ದಳು. ಹೋಗೋಣ ಎಂದಿದ್ದರು. ಅಷ್ಟರಲ್ಲಿ ನನ್ನ ಮದುವೆ ಬಂತು. ಬಸ್ಸಿನಲ್ಲಿ ನಾವಿಬ್ಬರೇ ಹೋಗಿ ಬರೋಣವೆಂದು ನಾನು ಎಷ್ಟು ಸಲ ಕರೆದರೂ ಅಕ್ಕನದು ಒಂದೇ ಮಾತು: “ಹೋದ್ರೆ ಅವರ ಜೊತೆ ಕಣೆ.”

ಎಂಟು ವರ್ಷದ ಹಿಂದೆ ಅಪ್ಪ ಹೋದರು. ಅಕ್ಕ ಒಬ್ಬಳೇ ಬಸ್ಸಿಳಿದು ಬಂದಳು. ಅಳಿಯಂದಿರೆಲ್ಲಿ ಎಂದು ಕೇಳಿದವರಿಗೆಲ್ಲ “ಡ್ಯೂಟಿ” ಎಂದಳು. ಅವತ್ತಿನಿಂದ ಎರಡು ವರ್ಷ ನಾನು ಭಾವನ ಜೊತೆ ಮಾತು ಬಿಟ್ಟೆ. ಬಿಟ್ಟಿದ್ದೇನೆಂದು ಅವರಿಗೆ ತಿಳಿಯಲಿ ಎಂದು ದಿನವೂ ಅವರ ಮನೆಗೆ ಹೋಗಿ, ಮಾತಾಡದೆ ಕೂತು, ಕಾಫಿ ಕುಡಿದು ಬರುತ್ತಿದ್ದೆ.

ಆ ಎರಡನೆಯ ವರ್ಷ ಅವರು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಚೌಕ ಪೈಪುಗಳನ್ನು ಕತ್ತರಿಸಿ ವೆಲ್ಡ್ ಮಾಡತೊಡಗಿದರು. ಮಂಚವೆಂದುಕೊಂಡೆ. ಮಂಚಕ್ಕೆ ಸ್ಟಿಯರಿಂಗ್ ಬಂದಾಗ ನನ್ನ ವ್ರತ ಮುರಿಯಿತು.

“ಇದೇನು ಭಾವ?”

“ಕಾರು.”

“ಕಾರು ಬೇಕಿದ್ರೆ ಅಂಗಡೀಲಿ ಸಿಗಲ್ವಾ?”

“ಜೋರಾಗಿ ಹೋಗೋದು ಬೇಕು. ಹಗುರ ಇರ್ಬೇಕು, ತಿರುವಲ್ಲಿ ನೆಲಕ್ಕೆ ಅಂಟ್ಕೊಂಡು ಹೋಗ್ಬೇಕು.” ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ, ಮದುವೆ ಮಾತುಕತೆಗೆ ಕೂತವರ ಗಾಂಭೀರ್ಯದಿಂದ ಹೇಳಿದರು. “ಗುಡ್ಡದ ಮೇಲಿಂದ ಬಸ್ಸಲ್ಲಿ ಐವತ್ತು ನಿಮಿಷ. ಮಾಮೂಲಿ ಕಾರಲ್ಲಿ ಇಪ್ಪತ್ತೈದು. ಇದ್ರಲ್ಲಿ ಹದಿನೈದಕ್ಕೆ ಲಿಫ್ಟ್ ಮುಂದೆ ಇರ್ತೀನಿ. ನಿಮ್ಮಕ್ಕನ್ನ ಕರ್ಕೊಂಡು ಹೋಗ್ಬಹುದು.”

ಕಟ್ಟಿದ ಹಗ್ಗ ಬಿಚ್ಚುವ ಬದಲು ಅದನ್ನು ಉದ್ದ ಮಾಡಿಕೊಳ್ಳಲು ಹೊರಟ ಗಿರಾಕಿ! ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ಅಕ್ಕನನ್ನು ನೋಡಿದೆ. ಅವಳು ಕಾಜ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಕಾರಿಗೆ ಆರು ವರ್ಷ ಹಿಡಿಯಿತು. ಗುಜರಿಗೆ ಬಂದ ಯಾವುದೋ ಕಾರಿನ ಎಂಜಿನ್ನು, ಇನ್ನಾವುದರದೋ ಚಕ್ರ, ಸೀಟಿನ ಹೊದಿಕೆ ಅಕ್ಕನ ಮಿಷನ್ನಿನದು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಕೂರಬೇಕಾದರೆ ಕಾಲು ನೀಳವಾಗಿ ಚಾಚಬೇಕು, ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಪರೀಕ್ಷೆಗೆ ಬಂದ ಸರ್ಕಾರಿ ಅಧಿಕಾರಿ ಸುತ್ತ ಮೂರು ಸಲ ತಿರುಗಿ, ನಕ್ಕು, ಸಹಿ ಹಾಕಿದ.

ತೊಂದರೆ ತಿರುವಿನಲ್ಲಿತ್ತು. ನೇರ ಹೋಗುವಾಗ ಸರಿಯಾಗಿದ್ದ ಎಂಜಿನ್ನು, ಜೋರಾಗಿ ತಿರುಗಿಸಿದೊಡನೆ ಕೆಮ್ಮಿ, ಎರಡು ಸಲ ಬಿಕ್ಕಿ, ಸತ್ತುಹೋಗುತ್ತಿತ್ತು. ಸೀಟಿನ ಹಿಂದೆ ಅಗಲವಾದ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ಪೆಟ್ರೋಲ್ ಟ್ಯಾಂಕು ಮಾಡಿದ್ದರು. ಭಾರವಾಗಬಾರದೆಂದು ಅರ್ಧಕ್ಕಿಂತ ಹೆಚ್ಚು ತುಂಬುತ್ತಿರಲಿಲ್ಲ. ಗಾಡಿ ತಿರುಗಿದಾಗ ಇದ್ದ ಪೆಟ್ರೋಲೆಲ್ಲ ಒಂದೇ ಮಗ್ಗುಲಿಗೆ ನುಗ್ಗುತ್ತಿತ್ತು. ಹೀರುವ ಪೈಪಿನ ಬಾಯಿಗೆ ಬರೀ ಗಾಳಿ. ಹಾಗೆ ಗಾಳಿ ಹೀರಿ ಹೀರಿ ಪಂಪೂ ಒಂದು ದಿನ ಸುಟ್ಟು ಕೂತಿತು.

ಭಾನುವಾರ ಬೆಳಗ್ಗೆ ಲಾರಿಗಳು ನಿಲ್ಲುವ ದೊಡ್ಡ ಅಂಗಳ ಖಾಲಿ ಇರುತ್ತದೆ. ಅಲ್ಲಿ ಅಕ್ಕ ಗಾಡಿ ಓಡಿಸುವಳು, ಭಾವ ಪಕ್ಕದ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಟ್ಯಾಂಕಿನ ಮೇಲೆ ಕಣ್ಣಿಟ್ಟು ಕೂರುವರು. ನಾನು ಸ್ಕೂಟರಿನಲ್ಲಿ ಹಗ್ಗ ಇಟ್ಟುಕೊಂಡು ನಿಂತಿರುವುದು, ಸತ್ತ ಕಾರನ್ನು ಎಳೆಯುವುದಕ್ಕೆ. ಅಕ್ಕ ಓಡಿಸುವುದನ್ನು ಕಲಿತದ್ದೇ ಹಾಗೆ, ಗುಂಡಗೆ ಸುತ್ತುತ್ತ. ಲೈಸೆನ್ಸ್ ಪರೀಕ್ಷೆಯಲ್ಲಿ ನೇರ ಹೋಗು ಎಂದಾಗ ತಬ್ಬಿಬ್ಬಾದಳಂತೆ.

ಭಾವ ಟ್ಯಾಂಕನ್ನು ಬಿಚ್ಚಿ, ಒಳಗೆ ತೂತುಗಳಿರುವ ಅಡ್ಡ ತಗಡುಗಳನ್ನು ಬೆಸೆದರು, ಪೆಟ್ರೋಲು ಒಮ್ಮೆಲೇ ಅತ್ತಿತ್ತ ನುಗ್ಗದ ಹಾಗೆ. ಕೆಮ್ಮು ಕಡಿಮೆಯಾಯಿತು, ಹೋಗಲಿಲ್ಲ. ಆಮೇಲೆ ಟ್ಯಾಂಕಿನ ಪಕ್ಕದಲ್ಲಿ ಉದ್ದನೆಯ ಸಣ್ಣ ಪಾತ್ರೆಯೊಂದನ್ನು ಕೂರಿಸಿದರು. ಒಂದು ಪಂಪು ಟ್ಯಾಂಕಿನಿಂದ ಎತ್ತಿ ಈ ಪಾತ್ರೆಯನ್ನು ಸದಾ ತುಂಬಿಡುವುದು, ಹೆಚ್ಚಾದದ್ದು ಟ್ಯಾಂಕಿಗೇ ಮರಳುವುದು. ಇನ್ನೊಂದು ಪಂಪು ಪಾತ್ರೆಯ ತಳದಿಂದ ಎಂಜಿನ್ನಿಗೆ ಕೊಡುವುದು. ಟ್ಯಾಂಕಿನಲ್ಲಿ ಏನೇ ಅಲ್ಲೋಲಕಲ್ಲೋಲವಾದರೂ ಪಾತ್ರೆಯಲ್ಲಿದ್ದದ್ದು ತಿರುವು ಮುಗಿಯುವ ತನಕ ಸಾಕು. ಅಕ್ಕ ಅದಕ್ಕೆ ಗಿಂಡಿ ಎಂದು ಹೆಸರಿಟ್ಟಳು. ನಾವು ಮೂವರೂ ಅದನ್ನು ಹಾಗೆಯೇ ಕರೆದೆವು.

ಗಿಂಡಿ ಕೂತ ಮೊದಲ ಭಾನುವಾರ ಅಕ್ಕ ಜೋರಾಗಿ ಬಲಕ್ಕೆ ತಿರುಗಿಸಿದಳು. ಗಾಡಿ ನಿಂತಿತು. ಮತ್ತೆ ತಿರುಗಿಸಿದಳು, ಮತ್ತೆ ನಿಂತಿತು. ಭಾವ ಗಿಂಡಿಯ ಮುಚ್ಚಳ ತೆಗೆದು ನೋಡಿದರೆ ಕಂಠದವರೆಗೆ ಪೆಟ್ರೋಲು. ಅವರ ಮುಖ ಸಣ್ಣದಾಯಿತು. ಆರು ವರ್ಷದಲ್ಲಿ ಅವರು ಸೋತಂತೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾರಿನ ಮಗ್ಗುಲಿಗೆ ಸಿಮೆಂಟು ನೆಲದ ಮೇಲೇ ಕೂತುಬಿಟ್ಟರು.

ಅಕ್ಕ ಸ್ಟಿಯರಿಂಗ್ ಬಿಡಲಿಲ್ಲ. “ಇದು ಹಸಿವಲ್ಲ ರೀ,” ಎಂದಳು.

“ಮತ್ತೇನು?”

“ನೂಲು ಮುಗಿದ್ರೆ ನನ್ನ ಮಿಷನ್ ಓಡ್ತಾನೇ ಇರತ್ತೆ, ಹೊಲಿಗೆ ಬೀಳಲ್ಲ ಅಷ್ಟೆ. ಕರೆಂಟ್ ಹೋದ್ರೆ ಟಕ್ ಅಂತ ನಿಲ್ಲತ್ತೆ. ಮೊದ್ಲೆಲ್ಲ ಇದು ಕೆಮ್ತಿತ್ತು. ಇವತ್ತು ಕೆಮ್ಮಲೇ ಇಲ್ಲ. ಯಾರೋ ಸ್ವಿಚ್ ಆರಿಸ್ದಂಗೆ ಹೋಯ್ತು. ನೀವೇನಾದ್ರೂ ಸೇರಿಸಿದೀರಾ?”

ಭಾವ ಕಳ್ಳ ಬೆಕ್ಕಿನ ಹಾಗೆ ಅತ್ತ ನೋಡಿದರು. ಸೇರಿಸಿದ್ದರು. ಇನ್ನೊಂದು ಪಂಪು ಸುಡಬಾರದೆಂದು ದೊಡ್ಡ ಟ್ಯಾಂಕಿನ ಬಲ ಮೂಲೆಯಲ್ಲಿ ತೇಲುವ ಸ್ವಿಚ್ಚೊಂದನ್ನು ಇಟ್ಟಿದ್ದರು, ನಮಗೆ ಹೇಳದೆ. ಪೆಟ್ರೋಲು ಇಳಿಯಿತೆಂದು ಅದಕ್ಕೆ ಅನ್ನಿಸಿದರೆ ಎರಡೂ ಪಂಪು ಬಂದ್. ಬಲಕ್ಕೆ ತಿರುಗಿದಾಗ ಪೆಟ್ರೋಲು ಎಡಕ್ಕೆ ಹೋಗುತ್ತದೆ, ಬಲ ಮೂಲೆ ಒಣಗುತ್ತದೆ, ಸ್ವಿಚ್ಚು ಬೀಳುತ್ತದೆ. ಗಿಂಡಿ ತುಂಬ ಇಟ್ಟುಕೊಂಡೇ ಗಾಡಿ ಉಪವಾಸ ಸಾಯುತ್ತಿತ್ತು.

“ಕಿತ್ತು ಹಾಕಿ,” ಎಂದೆ ನಾನು.

“ಅದು ಹೇಗಾಗತ್ತೆ?” ಎಂದರು. ಗಾಬರಿ ನಿಜವಾದದ್ದು. “ಅನುಮಾನ ಬಂದ್ರೆ ನಿಲ್ಲಿಸ್ಬೇಕು. ಬಾಗಿಲು ಒಂದು ಬೆರಳು ತೆರೆದಿದ್ರೆ ನಿಲ್ಲು, ಹಗ್ಗ ಸಡಿಲ ಆದ್ರೆ ನಿಲ್ಲು. ನಿಂತ ಲಿಫ್ಟ್ ಯಾರನ್ನೂ ಬೀಳಿಸಲ್ಲ.”

“ಇದು ಲಿಫ್ಟಲ್ಲ ರೀ,” ಎಂದಳು ಅಕ್ಕ. “ಗುಡ್ಡದ ತಿರುವಲ್ಲಿ ನಿಂತ್ರೆ ಹಿಂದಿಂದ ಲಾರಿ ಬರತ್ತೆ. ಬೇಕಾದ್ರೆ ಒಂದು ಕೆಂಪು ದೀಪ ಹಾಕಿ. ನಿಲ್ಸೋದು ಬಿಡೋದು ಓಡಿಸೋರಿಗೆ ಬಿಡಿ.”

ಒಂದು ವೈರು ಕತ್ತರಿಸಿ ದೀಪಕ್ಕೆ ಕೊಡಬೇಕು, ಅಷ್ಟೇ ಕೆಲಸ. ಆ ಮನುಷ್ಯ ವಾರವಿಡೀ ಸಂಜೆ ಶೆಡ್ಡಿಗೆ ಹೋಗಿ, ಕಟಿಂಗ್ ಪ್ಲೇಯರ್ ಹಿಡಿದು, ಆ ವೈರಿನ ಮುಂದೆ ಕೂತು ಎದ್ದು ಬಂದರು.

ಅದೇ ವಾರ ಒಂದು ದಿನ ಅವರು ಊಟದ ಡಬ್ಬಿ ಮರೆತು ಹೋಗಿದ್ದರು. ಕೊಡಲು ನಾನು ಕಟ್ಟಡಕ್ಕೆ ಹೋದೆ. ಭಾವ ಎಲ್ಲಕ್ಕಿಂತ ಮೇಲಿನ ಮೋಟಾರು ಕೋಣೆಯಲ್ಲಿದ್ದರು. ಸ್ವಾಗತದ ಮೇಜಿನ ಹೆಂಗಸು ಕುರ್ಚಿ ಕೊಟ್ಟಳು. ಮಾತಿಗೆ ಮಾತು ಬಂತು. ಈ ಹದಿನೈದು ನಿಮಿಷದ ಕಾನೂನು ಮಾಡಿದವನ ಬಾಯಿಗೆ ಮಣ್ಣು ಬೀಳಲಿ ಎಂದೆ ನಾನು.

“ಯಾವ ಹದಿನೈದು ನಿಮಿಷ?” ಎಂದಳು ಅವಳು.

ಹೇಳಿದೆ.

“ಅಯ್ಯೋ, ಅದು ಹಳೇ ಯಜಮಾನರ ಕಾಲದ್ದು ಕಣ್ರೀ. ಹನ್ನೊಂದು ವರ್ಷದಿಂದ ಲಿಫ್ಟೆಲ್ಲ ಕಂಪನಿಯೋರ್ದು. ಮೂರು ಪಾಳಿ, ಆರು ಜನ. ನಿಮ್ಮ ಭಾವನ ಕೆಲಸ ಸಂಜೆ ಐದೂವರೆಗೆ ಮುಗಿಯತ್ತೆ. ಆಮೇಲೆ ಬರ್ಬೇಡಿ ಅಂದ್ರೂ ಬರ್ತಾರೆ. ಭಾನುವಾರಾನೂ ಫೋನ್ ಮಾಡಿ, ‘ಎಲ್ಲ ಓಡ್ತಿದ್ಯಾ?’ ಅಂತ ಕೇಳ್ತಾರೆ.”

ಅಪ್ಪ ಹೋದದ್ದು ಎಂಟು ವರ್ಷದ ಹಿಂದೆ. ಹನ್ನೊಂದರಲ್ಲಿ ಎಂಟು ಕಳೆಯುವ ಲೆಕ್ಕ ನನಗೂ ಬರುತ್ತದೆ. ಡಬ್ಬಿಯನ್ನು ಅಲ್ಲೇ ಮೇಜಿನ ಮೇಲೆ ಕುಕ್ಕಿ ಹೊರಟೆ. ಸ್ಕೂಟರನ್ನು ಹೇಗೆ ಓಡಿಸಿಕೊಂಡು ಬಂದೆನೋ ಗೊತ್ತಿಲ್ಲ, ಸೀದಾ ಅಕ್ಕನ ಮುಂದೆ ಬಂದು ನಿಂತು ಎಲ್ಲ ಒದರಿದೆ.

ಅಕ್ಕ ಮಿಷನ್ ನಿಲ್ಲಿಸಿದಳು. “ನಂಗೊತ್ತು ಕಣೆ.”

“ಏನು ಗೊತ್ತು?”

“ಕಂಪನಿ ಕಾಗದ ಮನೆಗೇ ಬಂದಿತ್ತು. ನಾನೇ ಸಹಿ ಹಾಕಿ ತಗೊಂಡೆ. ಅವರು ಓದಿ ಮಡಚಿ ಬೀರುವಲ್ಲಿ ಇಟ್ರು. ನಂಗೆ ಹೇಳ್ಲಿಲ್ಲ. ಹೇಳ್ತಾರೆ ಅಂತ ಕಾಯ್ತಾ ಇದೀನಿ.”

“ಹನ್ನೊಂದು ವರ್ಷ?”

“ಬೆಳಗ್ಗೆ ಎದ್ದಾಗ ಇವತ್ತು ಹೇಳ್ತಾರೆ ಅನ್ಸತ್ತೆ. ಹಾಗೇ ಆಗೋಯ್ತು.”

ನನಗೆ ಕೋಪ ಯಾರ ಮೇಲೆ ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದೆ. ಕಿಟಕಿಯಲ್ಲಿ ಗುಡ್ಡವಿತ್ತು. ಅದನ್ನೇ ಬೈದೆ.

ಶನಿವಾರ ಸಂಜೆ ಭಾವ ವೈರು ಕತ್ತರಿಸಿದರು. ಕತ್ತರಿಸಿದವರು ಕೈ ತೊಳೆದು ಬಂದು ಊಟ ಮಾಡದೆ ಮಲಗಿದರು ಎಂದು ಅಕ್ಕ ಹೇಳಿದಳು. ಭಾನುವಾರ ಬೆಳಗ್ಗೆ ಅಂಗಳದಲ್ಲಿ ಇಪ್ಪತ್ತು ಸುತ್ತು, ಬಲಕ್ಕೆ ಹತ್ತು, ಎಡಕ್ಕೆ ಹತ್ತು. ಕೆಂಪು ದೀಪ ಮಿಣುಕಿತು, ಆರಿತು; ಎಂಜಿನ್ನು ಒಮ್ಮೆಯೂ ತಡವರಿಸಲಿಲ್ಲ. ಅಕ್ಕ ಗಾಡಿ ನಿಲ್ಲಿಸದೆಯೇ ಕೇಳಿದಳು: “ಹೋಗೋಣ್ವಾ?” ಭಾವ ಸ್ಟಿಯರಿಂಗಿಗೆ ಬಂದರು. ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ನಿಜ ಹೇಳಬೇಕೆಂದರೆ ನನಗೆ ಅಳು ಬರುವಷ್ಟು ಖುಷಿಯಾಗಿತ್ತು.

ಗುಡ್ಡದ ಬುಡದಲ್ಲಿ ಒಂದು ಪೆಟ್ರೋಲ್ ಬಂಕಿದೆ. ಅಲ್ಲಿಂದಾಚೆ ಏರು. ನಾನು ತಲುಪುವಷ್ಟರಲ್ಲಿ ಕಾರು ಬಂಕಿನ ಪಕ್ಕದ ಮಣ್ಣಿನಲ್ಲಿ ನಿಂತಿತ್ತು. ಎಂಜಿನ್ನು ಸತ್ತಿದೆ ಎಂದುಕೊಂಡು ಹಗ್ಗಕ್ಕೆ ಕೈ ಹಾಕಿದೆ. ಸತ್ತಿರಲಿಲ್ಲ. ಭಾವ ಕೀಲಿ ತಿರುಗಿಸಿ ಆರಿಸಿದ್ದರು. ಎರಡೂ ಕೈ ಸ್ಟಿಯರಿಂಗಿನ ಮೇಲಿತ್ತು, ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

“ಲಿಫ್ಟಿಂದ ಇಲ್ಲಿಗೇ ಒಂಬತ್ತು ನಿಮಿಷ ಆಯ್ತು,” ಎಂದರು.

“ಮೇಲಕ್ಕೆ ಆರು. ಒಟ್ಟು ಹದಿನೈದು. ನೀವೇ ಹೇಳಿದ್ದು,” ಎಂದಳು ಅಕ್ಕ.

“ಇಳೀವಾಗ ಗಾಡಿ ನಿಂತ್ರೆ?”

“ನಿಲ್ಲಲ್ಲ.”

“ನಿಂತ್ರೆ? ಆ ಹೊತ್ತಿಗೇ ಅಲ್ಲಿ ಯಾರಾದ್ರೂ...”

ನನಗೆ ತಡೆಯಲಾಗಲಿಲ್ಲ. “ಭಾವ, ಆ ನಿಯಮ ಸತ್ತು ಹನ್ನೊಂದು ವರ್ಷ ಆಯ್ತು. ನಂಗೂ ಗೊತ್ತು, ಅಕ್ಕಂಗೂ ಗೊತ್ತು. ಅಪ್ಪ ಹೋದಾಗ ನೀವು ಬರ್ಬಹುದಿತ್ತು!”

ಅವರು ನನ್ನನ್ನು ನೋಡಲಿಲ್ಲ. ಅಕ್ಕನನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, “ನಿಯಮ ಇಲ್ಲ ಅಂತ ನಂಗೂ ಗೊತ್ತು. ಒಳಗೆ ಕತ್ತಲಲ್ಲಿ ನಿಂತಿರೋನಿಗೆ ನಿಯಮ ಇದ್ರೇನು, ಇಲ್ದೇ ಇದ್ರೇನು? ಅವನು ಬಾಗಿಲು ಬಡೀತಿರ್ತಾನೆ. ನಂಗೆ ಕೇಳ್ಸತ್ತೆ,” ಎಂದರು. “ಕಾರು ಆದ್ರೆ ಸರಿಹೋಗತ್ತೆ ಅಂದ್ಕೊಂಡಿದ್ದೆ ಕಣೆ. ನಿಜವಾಗ್ಲೂ ಅಂದ್ಕೊಂಡಿದ್ದೆ.”

ಅಕ್ಕ ಇಳಿದಳು. ಸುತ್ತಿ ಬಂದು ಅವರ ಪಕ್ಕ ನಿಂತು ಕೈ ಚಾಚಿದಳು. ಭಾವ ಅವಳ ಕೈ ಹಿಡಿದು ಎದ್ದು ಹೊರಗೆ ಬಂದರು. ಇನ್ನು ಮನೆಗೆ ವಾಪಸು ಎಂದುಕೊಂಡೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಲಕನ ಸೀಟಿಗೆ ಇಳಿದಳು, ಕೀಲಿ ತಿರುಗಿಸಿದಳು.

“ಒಬ್ಳೇನಾ?” ಎಂದೆ.

“ಹೂಂ,” ಎಂದಳು, ಹೊರಟೇ ಹೋದಳು.

ನಾವಿಬ್ಬರೂ ಬಂಕಿನ ಮುಂದೆ ನಿಂತೆವು. ಕಾರು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಭಾವ ಬೆರಳು ಮಡಚುತ್ತ ಹೋದರು. ಎಡ. ಬಲ. ಎಡ. ನಾಲ್ಕನೆಯದು ಬಲಕ್ಕೆ ದೊಡ್ಡ ತಿರುವು. ಅಲ್ಲಿ ಅವರು ಉಸಿರು ಹಿಡಿದರು. ಸದ್ದು ಹಾಗೆಯೇ ಏರಿತು. ಐದು, ಆರು, ಏಳು. ಎಂಜಿನ್ನು ತುದಿಯಲ್ಲಿ ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು. ಅವರು ತಟ್ಟನೆ ನನ್ನ ತೋಳು ಹಿಡಿದರು.

“ನಿಂತೋಯ್ತು!”

“ಮುಟ್ಟಿದ್ಲು ಭಾವ. ಅವಳೇ ಆರಿಸಿದ್ದು. ಬನ್ನಿ, ಸ್ಕೂಟರ್ ಹತ್ತಿ. ಹತ್ತು ನಿಮಿಷ ಕೂಡ ಬೇಡ.”

ಹತ್ತಲಿಲ್ಲ. ರಸ್ತೆಯಂಚಿನವರೆಗೆ ಹೋದರು, ಅಲ್ಲೇ ನಿಂತರು. ನಾನು ಅಂಗಲಾಚಿದೆ, ಗದರಿದೆ. ಕೊನೆಗೆ ಬಾಯಿ ಸೋತು ಕಲ್ಲಿನ ಮೇಲೆ ಕೂತೆ. ಬಿಸಿಲು ಏರಿತು. ಅವರು ನೆರಳಿಗೂ ಬರಲಿಲ್ಲ. ಜೇಬಿನಿಂದ ಫೋನು ತೆಗೆದು, ಎಲ್ಲ ಓಡುತ್ತಿದೆಯೇ ಎಂದು ಒಮ್ಮೆ ಕೇಳಿ, ಮತ್ತೆ ಒಳಗಿಟ್ಟುಕೊಂಡರು. ಎಲ್ಲ ಓಡುತ್ತಿತ್ತು.

ಒಂದೂವರೆ ಗಂಟೆಯ ಮೇಲೆ ಅಕ್ಕ ಇಳಿದು ಬಂದಳು. ಗಾಳಿಗೆ ಕೂದಲೆಲ್ಲ ಕೆದರಿತ್ತು, ಕಣ್ಣು ಕೆಂಪಾಗಿತ್ತು. ಅತ್ತಿದ್ದಳೋ ಗಾಳಿಯೋ ಕೇಳುವ ಧೈರ್ಯ ನನಗಾಗಲಿಲ್ಲ. ಎಂಜಿನ್ನು ಆರಿಸದೆ ಭಾವನ ಮುಂದೆ ನಿಲ್ಲಿಸಿದಳು.

“ಆ ಕಡೆಗೂ ಒಂದು ರಸ್ತೆ ಇಳಿಯತ್ತೆ ರೀ. ಎಲ್ಲಿಗೆ ಹೋಗತ್ತೋ ಗೊತ್ತಿಲ್ಲ. ನೋಡ್ಕೊಂಡು ಬರ್ತೀನಿ. ನಿಮ್ಮನ್ನ ಒಂದ್ಸಲ ಕೇಳಿ ಹೋಗೋಣ ಅಂತ ಬಂದೆ. ಬರ್ತೀರಾ?”

ಭಾವ ಖಾಲಿ ಸೀಟನ್ನು ನೋಡಿದರು. ಅಕ್ಕ ಕಾದಳು. ಅವಳು ಅವಸರ ಮಾಡಲಿಲ್ಲ. ಬಂಕಿಗೆ ಬಂದ ಎರಡು ಗಾಡಿಗಳು ತುಂಬಿಸಿಕೊಂಡು ಹೋದವು.

“ಟ್ಯಾಂಕಲ್ಲಿ ಎಷ್ಟಿದೆ?” ಎಂದರು ಕೊನೆಗೆ.

“ಕಾಲು ಭಾಗ.”

ಅವರು ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ನು ಆರಿಸಿದರು. ಬಾಗಿ, ಹಿಂದಿನಿಂದ ಎರಡೂ ಕೈಯಲ್ಲಿ ಕಾರನ್ನು ತಾವೇ ಪಂಪಿನ ತನಕ ತಳ್ಳಿಕೊಂಡು ಹೋದರು. ನಾನು ಕೈ ಹಾಕಹೋದರೆ ಬೇಡವೆಂದರು. ಮುಚ್ಚಳ ತೆಗೆದು ಪಕ್ಕಕ್ಕೆ ಸರಿದು ನಿಂತು, ಬಂಕಿನವನಿಗೆ ಹೇಳಿದರು:

“ಪೂರ್ತಿ ತುಂಬ್ಸಪ್ಪ. ಇವ್ರು ದೂರ ಹೋಗ್ತಾರೆ.”